ಹೆನ್ಲಿ ರಾಯಲ್ ರೆಗಟ್ಟಾದಲ್ಲಿ ಒಮ್ಮೆಗೆ ಎರಡೇ ದೋಣಿಗಳು ಸ್ಪರ್ಧಿಸುವುದೇಕೆ?

ಒಲಿಂಪಿಕ್ಸ್‌ನಲ್ಲಿ ಆರು ದೋಣಿಗಳು ಒಟ್ಟಿಗೆ ಹೊರಡುವಾಗ ಹೆನ್ಲಿಯ ಈ ಹುಟ್ಟುದೋಣಿ ಸ್ಪರ್ಧೆಯಲ್ಲಿ ಎರಡೇ ಏಕೆ, ಅದರಿಂದ ಪಂದ್ಯ ಸಪ್ಪೆಯಾಗುವುದಿಲ್ಲವೇ ಎಂದು ಕೇಳಿದ್ದೀರಿ. ಮೂಲ ಕಾರಣ ಥೇಮ್ಸ್ ನದಿಯ ಅಗಲ. ಇಂಗ್ಲೆಂಡಿನ ಹೆನ್ಲಿ ಪಟ್ಟಣದ ಬಳಿ ಈ ನದಿ ಆರು ದೋಣಿಗಳನ್ನು ಸಾಲಾಗಿ ನಿಲ್ಲಿಸುವಷ್ಟು ವಿಶಾಲವಾಗಿಲ್ಲ. 1839ರಲ್ಲಿ ಆರಂಭವಾದ ಈ ಸ್ಪರ್ಧೆಯಲ್ಲಿ ಹಿಂದೆ ಮೂರು ದೋಣಿಗಳೂ ಒಟ್ಟಿಗೆ ಸಾಗುತ್ತಿದ್ದುದುಂಟು. ಆದರೆ ಪಥದ ಕೊನೆಯ ತಿರುವು ಒಂದು ದಂಡೆಯ ದೋಣಿಗೆ ಅನುಕೂಲ ಮಾಡಿಕೊಡುತ್ತಿದ್ದುದರಿಂದ 1886ರಲ್ಲಿ ಪಥವನ್ನು ಬದಲಿಸಿದರು, ಜೊತೆಗೆ ದೋಣಿಗಳ ಸಂಖ್ಯೆಯನ್ನೂ ಎರಡಕ್ಕೆ ಇಳಿಸಿದರು. ಇಂದಿನ ನೇರ ಪಥ 1924ರಿಂದ ಬಳಕೆಯಲ್ಲಿದೆ. ಟೆಂಪಲ್ ದ್ವೀಪದ ಬಳಿ ಹೊರಟು ಪ್ರವಾಹಕ್ಕೆ ಎದುರಾಗಿ ಸಾಗಬೇಕಾದ ದೂರ 1 ಮೈಲು 550 ಗಜ, ಅಂದರೆ ಸುಮಾರು 2,112 ಮೀಟರ್; ಒಲಿಂಪಿಕ್ಸ್‌ನ ದೂರಕ್ಕಿಂತ ತುಸು ಹೆಚ್ಚು.

ಸಪ್ಪೆಯೇ ಎಂಬ ಮಾತಿಗೆ ಬಂದರೆ, ನನ್ನ ಅಭಿಪ್ರಾಯ ಅದಕ್ಕೆ ತದ್ವಿರುದ್ಧ. ಇದು ಪೂರ್ಣ ನಾಕೌಟ್ ಸ್ಪರ್ಧೆ. ಒಲಿಂಪಿಕ್ಸ್‌ನ ಮೊದಲ ಸುತ್ತಿನಲ್ಲಿ ಹಿಂದೆ ಬಿದ್ದವರು ಮುಂದೆ ಸುಧಾರಿಸಿಕೊಳ್ಳಲು ಅವಕಾಶವಿರುತ್ತದೆ. ಹೆನ್ಲಿಯಲ್ಲಿ ಸೋತವರ ಸ್ಪರ್ಧೆ ಅಲ್ಲಿಗೇ ಮುಗಿಯಿತು, ಎಷ್ಟೇ ಒಳ್ಳೆಯ ಸಮಯ ದಾಖಲಿಸಿದ್ದರೂ ಅದು ಲೆಕ್ಕಕ್ಕಿಲ್ಲ. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು: ಹುಟ್ಟು ಹಾಕುವವರು ಹಿಮ್ಮುಖವಾಗಿ ಕುಳಿತಿರುತ್ತಾರಾದ್ದರಿಂದ ಮುಂದಿರುವ ತಂಡಕ್ಕೆ ಎದುರಾಳಿ ಕಣ್ಣೆದುರೇ ಇರುತ್ತದೆ, ಹಿಂದೆ ಬಿದ್ದ ತಂಡಕ್ಕೆ ಮುಂದಿನ ದೋಣಿ ಕಾಣುವುದೇ ಇಲ್ಲ. ಆದಕಾರಣ ಆರಂಭದಲ್ಲೇ ಶಕ್ತಿಮೀರಿ ಹುಟ್ಟು ಹಾಕಿ ಮುನ್ನಡೆ ಪಡೆದು, ಅನಂತರ ಎದುರಾಳಿಯ ಪ್ರತಿಯೊಂದು ಪ್ರಯತ್ನವನ್ನೂ ನೋಡಿಕೊಂಡೇ ಉತ್ತರಿಸುವ ತಂತ್ರ ಇಲ್ಲಿ ಸಾಮಾನ್ಯ. ಫಲಿತಾಂಶವನ್ನೂ ಗಡಿಯಾರಕ್ಕಿಂತ ಮೊದಲು ಅಂತರದಲ್ಲಿ ಹೇಳುತ್ತಾರೆ: ಇಷ್ಟು ದೋಣಿಯುದ್ದ ಎಂದೋ, ಕಡಿಮೆಯಾದರೆ ದೋಣಿಯ ಮೂತಿಯ ಹೊದಿಕೆಯಷ್ಟು, ಅಂದರೆ ಒಂದು ‘ಕ್ಯಾನ್ವಾಸ್’ ಎಂದೋ. ಅಂತರ ತೀರಾ ದೊಡ್ಡದಾದರೆ ‘ಸುಲಭವಾಗಿ’ ಎಂಬ ಒಂದೇ ಪದ. ಸೋತವರಿಗೆ ಇದಕ್ಕಿಂತ ಕಟುವಾದ ತೀರ್ಪು ಇರಲಾರದು.

ಇದು ನಿಜವಾಗಿ ಅಂತಾರಾಷ್ಟ್ರೀಯ ಸ್ಪರ್ಧೆಯೇ ಎಂಬ ನಿಮ್ಮ ಎರಡನೆಯ ಸಂದೇಹಕ್ಕೆ ಇಂದಿನ ಮಟ್ಟಿಗೆ ‘ಹೌದು’ ಎನ್ನಬಹುದು. ಅಮೆರಿಕ, ಆಸ್ಟ್ರೇಲಿಯ, ಜರ್ಮನಿ, ನೆದರ್ಲೆಂಡ್ಸ್ ಮುಂತಾದ ದೇಶಗಳ ತಂಡಗಳು ಇಲ್ಲಿಗೆ ಬರುತ್ತವೆ. ಆದರೆ ಹಿಂದೆ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಸ್ಪರ್ಧೆ ಹವ್ಯಾಸಿಗಳಿಗಷ್ಟೇ ಮೀಸಲಾಗಿತ್ತು; ಕೈಕೆಲಸದಿಂದ ಬದುಕುವವರನ್ನು ಹವ್ಯಾಸಿಗಳೆಂದು ಒಪ್ಪದ ನಿಯಮವೊಂದು ದೀರ್ಘಕಾಲ ಜಾರಿಯಲ್ಲಿತ್ತು. 1920ರಲ್ಲಿ, ಇಟ್ಟಿಗೆ ಕೆಲಸ ಮಾಡಿದ್ದ ಫಿಲಡೆಲ್ಫಿಯಾದ ಜಾನ್ ಕೆಲ್ಲಿಗೆ ಒಬ್ಬರೇ ನಡೆಸುವ ದೋಣಿಯ ಡೈಮಂಡ್ ಸ್ಕಲ್ಸ್ ವಿಭಾಗದಲ್ಲಿ ಪ್ರವೇಶ ನಿರಾಕರಿಸಲಾಯಿತು. ಆತನ ಕ್ಲಬ್ಬಿನ ಮೇಲಿದ್ದ ಹಳೆಯ ನಿಷೇಧವೂ ಕಾರಣವಾಗಿತ್ತು. ಆ ವರ್ಷ ಹೆನ್ಲಿಯಲ್ಲಿ ಗೆದ್ದ ಜ್ಯಾಕ್ ಬೆರೆಸ್‌ಫರ್ಡ್‌ನನ್ನು ಕೆಲವೇ ವಾರಗಳಲ್ಲಿ ಆಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ ಸೋಲಿಸಿ ಕೆಲ್ಲಿ ಚಿನ್ನ ಪಡೆದನು. ನಿಯಮ ರದ್ದಾದದ್ದು 1937ರಲ್ಲಿ, ಅದೂ ಆಸ್ಟ್ರೇಲಿಯದ ಪೊಲೀಸರ ತಂಡವೊಂದನ್ನು ಹೊರಗಿಟ್ಟು ಟೀಕೆಗೆ ಗುರಿಯಾದ ಮೇಲೆ. ಕೆಲ್ಲಿಯ ಮಗ 1947 ಮತ್ತು 1949ರಲ್ಲಿ ಅದೇ ಡೈಮಂಡ್ ಸ್ಕಲ್ಸ್ ಗೆದ್ದನು. ಮಹಿಳೆಯರ ಒಂಟಿ ದೋಣಿ ಸ್ಪರ್ಧೆ ಕಾಯಂ ಆಗಿ ಸೇರಿದ್ದು 1993ರಲ್ಲಷ್ಟೇ.

ನೋಡಲು ಹೋಗುವುದಾದರೆ, ಸ್ಟೀವರ್ಡ್ಸ್ ಎನ್‌ಕ್ಲೋಶರ್ ಎಂಬ ಪ್ರೇಕ್ಷಕರ ಆವರಣ ಸದಸ್ಯರು ಮತ್ತು ಅವರ ಅತಿಥಿಗಳಿಗೆ ಮೀಸಲು. ಅಲ್ಲಿ ಗಂಡಸರಿಗೆ ಕೋಟು, ಟೈ ಕಡ್ಡಾಯ. ಬರ್ಕ್‌ಶೈರ್ ದಂಡೆಯ ಕಾಲುದಾರಿಯಲ್ಲಿ ಶುಲ್ಕವಿಲ್ಲದೆ ನಿಂತು ನೋಡಬಹುದು. ಪಥದ ನಡುಭಾಗದಲ್ಲಿ ನಿಲ್ಲುವುದೇ ಮೇಲೆಂದು ನಾನು ಸಲಹೆ ಮಾಡುವೆ. ಅನೇಕ ಪಂದ್ಯಗಳು ಗುರಿ ತಲುಪುವ ಬಹಳ ಮೊದಲೇ ಅಲ್ಲಿ ಇತ್ಯರ್ಥವಾಗಿಬಿಡುತ್ತವೆ.