ಹಸಿರು ನೊರೆ ಕಕ್ಕ ಅಂತ ಎದೆಹಾಲು ಬಿಡಿಸಬೇಡಿ

ಎರಡು ತಿಂಗಳ ಮಗು, ಎದೆಹಾಲು ಮಾತ್ರ. ಕಕ್ಕ ಹಸಿರು, ಗ್ಯಾಸು, ತೂಕ ಮಾತ್ರ ಚೆನ್ನಾಗಿ ಏರುತ್ತಿದೆ ಅಂತೀರಿ. ಜೊತೆಗೆ ಐದೈದು ನಿಮಿಷಕ್ಕೆ ಮೊಲೆ ಬದಲಿಸುತ್ತೇನೆ ಅಂತಲೂ ಬರೆದಿದ್ದೀರಿ. ಎದೆಹಾಲು ಬಿಡಿಸಿ ಲ್ಯಾಕ್ಟೋಸ್ (ಹಾಲಿನ ಸಕ್ಕರೆ) ಇಲ್ಲದ ಪುಡಿ ಹಾಲಿಗೆ ಹೋಗುವ ಮುಂಚೆ ಆ ಗಡಿಯಾರ ತೆಗೆದಿಡಿ. ನಮ್ಮ ದೊಡ್ಡವಳಿಗೆ ನಾನೂ ಹೀಗೇ ಕುಡಿಸುತ್ತಿದ್ದೆ. ಬಟ್ಟೆ ಮೇಲೆ ನೊರೆ, ಸುತ್ತ ನೀರಿನ ಕಲೆ, ಹುಳಿ ವಾಸನೆ, ಕುಂಡೆ ಕೆಂಪಗೆ.

ಶುರುವಿನ ಹಾಲಲ್ಲಿ ಕೊಬ್ಬು ಕಮ್ಮಿ. ಬರೀ ಅದೇ ಜಾಸ್ತಿ ಹೋದರೆ ಬೇಗ ಕೆಳಗಿಳಿಯುತ್ತದೆ, ಜೀರ್ಣವಾಗದ ಲ್ಯಾಕ್ಟೋಸ್ ದೊಡ್ಡ ಕರುಳಲ್ಲಿ ಹುಳಿಯುತ್ತದೆ. ಒಂದು ಕಡೆ ಮಗು ತಾನಾಗೇ ಬಿಡೋ ತನಕ ಕುಡಿಸಿ. ಇನ್ನೂ ಬೇಕಂದರೆ ಇನ್ನೊಂದು ಕಡೆ ಕೊಡಿ. ಹಾಲು ರಭಸವಾಗಿ ಬಂದು ಮಗು ಗಟಗಟ ನುಂಗಿ ಕೆಮ್ಮಿದರೆ, ನೀವು ಹಿಂದಕ್ಕೆ ಒರಗಿ ಕುಡಿಸಿ. ಆದರೆ ಗಂಟೆಗಟ್ಟಲೆ, ಕುಡಿಸಿದಾಗಲೆಲ್ಲ ಅದೇ ಒಂದು ಕಡೆ ಮಾತ್ರ ಕೊಡುವ ಪದ್ಧತಿಯನ್ನ ಸುಮ್ನೆ ಶುರು ಮಾಡಬೇಡಿ, ಹಾಲು ಕಮ್ಮಿ ಇರುವವರಿಗೆ ಇನ್ನೂ ಕಮ್ಮಿಯಾಗುತ್ತದೆ. ತೂಕ ಏರದಿದ್ದರೆ ಈ ಉಪಾಯವೇ ಬೇಡ. ರಕ್ತದ ಎಳೆ, ಲೋಳೆ ಕಂಡರೂ ಇದಲ್ಲ, ಹಸುವಿನ ಹಾಲಿನ ಅಲರ್ಜಿ ಇರಬಹುದು, ಡಾಕ್ಟರ್ ನೋಡಲಿ.

ಗ್ರೈಪ್ ವಾಟರ್ ಯಾವ ಕಂಪನಿಯದಾದರೂ ಅಷ್ಟೇ, ನನಗೆ ನಂಬಿಕೆಯಿಲ್ಲ. ಆರು ತಿಂಗಳ ತನಕ ನೀರೂ ಬೇಡ, ವರ್ಷ ತುಂಬೋ ತನಕ ಜೇನೂ ಬೇಡ. ಪುಡಿ ಹಾಲು ಕೊಡುವವರು ಡಬ್ಬಿ ಮೇಲಿನ ಅಳತೆಯನ್ನೇ ಹಾಕಿ. ಹೊಟ್ಟೆ ತುಂಬಲಿ ಅಂತ ಒಂದು ಚಮಚ ಜಾಸ್ತಿ ಹಾಕಿ, ಆಮೇಲೆ ಕಕ್ಕ ಗಟ್ಟಿ ಅಂತ ಇಲ್ಲಿ ಬಂದು ಅಳಬೇಡಿ!

ಮೇಲಿನ ಕಮೆಂಟಲ್ಲಿ ಒಬ್ಬರು, ಕಕ್ಕ ಬರಲಿ ಅಂತ ಕುಂಡೆಗೆ ಸೋಪಿನ ಕಡ್ಡಿ ಇಡಿ ಅಂದಿದ್ದಾರೆ. ದಯವಿಟ್ಟು ಬೇಡ. ಮುಖ ಕೆಂಪಗೆ ಮಾಡಿ, ಮುಕ್ಕಿ, ಹತ್ತು ನಿಮಿಷ ಅತ್ತು, ಆಮೇಲೆ ಮೆತ್ತಗಿನ ಕಕ್ಕ ಮಾಡಿದರೆ ಅದು ಮಲಬದ್ಧತೆ ಅಲ್ಲ. ಎದೆಹಾಲಿನ ಮಗು ಆರು ವಾರ ದಾಟಿದ ಮೇಲೆ ಕೆಲವು ದಿನ ಕಕ್ಕ ಮಾಡದೇ ಇರುವುದೂ ಉಂಟು.

ಕಾಯಬಾರದ್ದು ಇವು: ಹಸಿರು ವಾಂತಿ, ಕೆಂಪು ಜೆಲ್ಲಿಯಂಥ ಕಕ್ಕ, ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಜಾಸ್ತಿ ಜ್ವರ. ಕಕ್ಕ ಬೂದಿಯಂತೆ ಬಿಳಿಚಿಕೊಂಡರೆ ಅವತ್ತೇ ಓಡಿ. ಪಿತ್ತ ಕರುಳಿಗೆ ಇಳಿಯುತ್ತಿಲ್ಲ ಅಂತ ಅರ್ಥ ಇರಬಹುದು. ಪಿತ್ತನಾಳ ಮುಚ್ಚಿದ್ದರೆ ಆಪರೇಷನ್ ಮಗುವಿಗೆ ಸುಮಾರು ಎರಡು ತಿಂಗಳು ತುಂಬುವುದರೊಳಗೆ ಆದರೇ ಒಳ್ಳೆಯದು.

ಹಳದಿ ಬಲ್ಬಿನಡಿ ತೆಗೆದ ಫೋಟೋ ನೋಡಿ ಬಣ್ಣ ಹೇಳೋಕಾಗಲ್ಲ, ಕಿಟಕಿ ಬೆಳಕಲ್ಲಿ ತೆಗೆಯಿರಿ. ದಿನಕ್ಕೆ ಉಚ್ಚೆ ಬಟ್ಟೆ ಎಷ್ಟು ಅಂತಲೂ ಬರೆಯಿರಿ. ಆರಕ್ಕಿಂತ ಕಮ್ಮಿ ಆಗುತ್ತಿದ್ದರೆ ನನ್ನ ಉತ್ತರ ಬಿಡಿ, ಮೊದಲು ಡಾಕ್ಟರಿಗೆ ತೋರಿಸಿ.