ಜನವರಿಗೆ ಶುರು, ಫೆಬ್ರವರಿಗೆ ಬಂದ್

ಪ್ರಶ್ನೆ: ನನಗೆ 36 ವರ್ಷ. ಕಲಬುರಗಿಯ ನೆಹರು ಗಂಜ್‌ನಲ್ಲಿ ಧಾನ್ಯದ ಒಂದು ಅಡತ್ (ದಲ್ಲಾಳಿ) ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. 11 ವರ್ಷದಿಂದ ಅದೇ ಅಂಗಡಿ. ಒಂದು ದಿನವೂ ಕಿರ್ದಿ (ದಿನದ ಲೆಕ್ಕದ ಪುಸ್ತಕ) ಬಾಕಿ ಉಳಿಸಿದವನಲ್ಲ. ಆದರೆ ನನ್ನ ಸ್ವಂತ ವಿಷಯಕ್ಕೆ ಬಂದರೆ ಯಾವುದೂ ನಿಲ್ಲುವುದಿಲ್ಲ. ಪ್ರತಿ ಜನವರಿ 1ಕ್ಕೆ ಒಂದು ನೋಟ್‌ಬುಕ್ ತರುತ್ತೇನೆ. ಬೆಳಗ್ಗೆ ವಾಕಿಂಗ್, ರಾತ್ರಿ ಇಂಗ್ಲಿಷ್ ಕಲಿಯುವುದು, ಮೊಬೈಲ್ ಕಡಿಮೆ ಮಾಡುವುದು, ದಿನಚರಿ ಬರೆಯುವುದು ಅಂತ ಪಟ್ಟಿ ಹಾಕುತ್ತೇನೆ. ಇಪ್ಪತ್ತು ಪುಟ ಆದ ಮೇಲೆ ನೋಟ್‌ಬುಕ್ ಖಾಲಿ. ಯುಗಾದಿಗೆ ಮತ್ತೆ ಶುರು ಮಾಡುತ್ತೇನೆ, ಅದೂ ಅಷ್ಟೇ. 21 ದಿನ ಮಾಡಿದರೆ ರೂಢಿ ಆಗುತ್ತದೆ ಅಂತ ವಾಟ್ಸಾಪ್‌ನಲ್ಲಿ ಬಂದಿತ್ತು. ಒಮ್ಮೆ 24 ದಿನ ಮಾಡಿಯೂ ಬಿಟ್ಟೆ. ಮನೆಯವರು ಸರ್ಕಾರಿ ನೌಕರಿಯಲ್ಲಿದ್ದಾರೆ. ‘ನಿಮ್ದು ಶುರುನೇ ಜೋರ್ ನೋಡ್ರಿ’ ಅಂತ ನಗುತ್ತಾರೆ. ನನ್ನ ಸ್ವಭಾವವೇ ಹೀಗಾ?
– ಒಬ್ಬ ಓದುಗ, ಕಲಬುರಗಿ

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. 11 ವರ್ಷದಲ್ಲಿ ಒಂದು ದಿನವೂ ಕಿರ್ದಿ ಬಾಕಿ ಉಳಿಸಿಲ್ಲ ಅನ್ನುವ ಮಾತನ್ನು ನೀವು ಸುಮ್ನೆ ಹೇಳಿ ಮುಂದೆ ಹೋಗಿದ್ದೀರಿ. ನಾನು ಅಲ್ಲೇ ನಿಂತೆ. ಇಂಥ ಮನುಷ್ಯನಿಗೆ ಶಿಸ್ತು ಇಲ್ಲ ಅಂತ ಹೇಳುವುದಾದರೂ ಹೇಗೆ ರೀ? ಶಿಸ್ತು ಬೇಕಾದಷ್ಟಿದೆ. ಅದು ಅಂಗಡಿಯಲ್ಲಿ ಇದೆ, ನೋಟ್‌ಬುಕ್ಕಿಗೆ ಬರುತ್ತಿಲ್ಲ. ಯಾಕೆ ಅನ್ನುವುದನ್ನು ನೋಡೋಣ.

ಮೊದಲು ಆ 21 ದಿನದ ಕಥೆ ಮುಗಿಸಿಬಿಡುತ್ತೇನೆ. ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಅಂತ ಅಮೆರಿಕದ ಒಬ್ಬ ಪ್ಲಾಸ್ಟಿಕ್ ಸರ್ಜನ್ ಇದ್ದರು. ಆಪರೇಷನ್ ಆದವರಿಗೆ ತಮ್ಮ ಹೊಸ ಮುಖ ಒಗ್ಗಲು ಕನಿಷ್ಠ 21 ದಿನವಾದರೂ ಬೇಕಾಗುತ್ತದೆ ಅಂತ ಅವರು 1960ರಲ್ಲಿ ಬರೆದರು. ಬಾಯಿಂದ ಬಾಯಿಗೆ ಹೋಗುವಾಗ ಅದರಲ್ಲಿನ ‘ಕನಿಷ್ಠ’ ಉದುರಿಹೋಯಿತು. ಮುಖ ಹೋಗಿ ವಾಕಿಂಗ್ ಬಂತು. ರೂಢಿಗೆ ಎಷ್ಟು ದಿನ ಬೇಕು ಅಂತ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಜೊತೆಗಾರರು 96 ಜನರನ್ನು 12 ವಾರ ಗಮನಿಸಿದರು. ಮಧ್ಯದ ಲೆಕ್ಕ 66 ದಿನ ಬಂತು. ಕೆಲವರಿಗೆ 18 ದಿನ ಸಾಕಾಯಿತು. ಇನ್ನು ಕೆಲವರ ಲೆಕ್ಕ 254 ದಿನದವರೆಗೂ ಹೋಗುವ ಹಾಗಿತ್ತು. ಒಂದು ಲೋಟ ನೀರು ಕುಡಿಯುವಂಥದ್ದು ಬೇಗ ಕೂತಿತು, ವ್ಯಾಯಾಮಕ್ಕೆ ಜಾಸ್ತಿ ದಿನ ಹಿಡಿಯಿತು. ಅಂದರೆ 24ನೇ ದಿನ ನೀವು ಸೋತಿರಲಿಲ್ಲ. ಇನ್ನೂ ಅರ್ಧ ದಾರಿಯಲ್ಲೂ ಇರಲಿಲ್ಲ, ಅಷ್ಟೇ.

ಈಗ ನಿಮ್ಮ ಜನವರಿಗೆ ಬರೋಣ. ತೊಗರಿ ಕೊಯ್ಲು ಡಿಸೆಂಬರ್–ಜನವರಿಗೆ. ಗಂಜ್‌ಗೆ ಆವಕ ಜೋರಾಗುವುದು ಯಾವಾಗ ಅಂತ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಲಾರಿ, ಟ್ರ್ಯಾಕ್ಟರ್ ಸಾಲು ನಿಂತಿರುತ್ತವೆ. ಹಮಾಲರಿಗೆ ಪುರುಸೊತ್ತಿಲ್ಲ, ನಿಮಗೆ ಊಟಕ್ಕೆ ಹೊತ್ತಿಲ್ಲ. ಅಂಥ ತಿಂಗಳಲ್ಲಿ ರಾತ್ರಿ ಮನೆಗೆ ಬಂದು ಇಂಗ್ಲಿಷ್ ಕಲಿಯುತ್ತೇನೆ ಅಂತ ನೀವು ವರ್ಷದ ಅತಿ ಕಷ್ಟದ ಹೊತ್ತಿನಲ್ಲಿ ಶುರು ಮಾಡುತ್ತೀರಿ. ಕ್ಯಾಲೆಂಡರ್ ಬೇರೆಯವರದ್ದು, ದುಡಿಮೆ ನಿಮ್ಮದು.

ಯುಗಾದಿ ಕಥೆಯೂ ಹೆಚ್ಚುಕಡಿಮೆ ಇದೇ. ಏಪ್ರಿಲ್ ಬಂತೆಂದರೆ ನಮ್ಮ ಕಡೆ ಬಿಸಿಲು 40 ದಾಟುತ್ತದೆ. ಸರ್ಕಾರಿ ಕಚೇರಿಗಳ ವೇಳೆ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುತ್ತದೆ. ನಿಮ್ಮ ಮನೆಯವರು ಎಂಟಕ್ಕೆ ಕಚೇರಿಯಲ್ಲಿ ಇರಬೇಕು ಅಂದರೆ ಆರರಿಂದಲೇ ಅಡಿಗೆಮನೆಯಲ್ಲಿ ಗಡಿಬಿಡಿ. ಒಬ್ಬರು ರೊಟ್ಟಿ ಬಡಿಯುವಾಗ ಇನ್ನೊಬ್ಬರು ಬೂಟು ಹಾಕಿಕೊಂಡು ವಾಕಿಂಗ್ ಹೊರಟರೆ ಮನೆಯಲ್ಲಿ ಏನಾಗುತ್ತದೆ ಅಂತ ನಾನು ಬರೆಯಬೇಕಾಗಿಲ್ಲ. ನಿಮ್ಮ ವಾಕಿಂಗ್ ನಿಂತದ್ದು ಸೋಮಾರಿತನಕ್ಕೆ ಅಂತ ನೀವು ತಿಳಿದಿದ್ದೀರಿ. ನನಗೇನೋ ಕಚೇರಿ ವೇಳೆಯ ಮೇಲೇ ಅನುಮಾನ.

ಇಂಥದ್ದು ಕಣ್ಣಿಗೆ ಬೀಳುವುದನ್ನೇ ನಾವು ಸ್ವಅರಿವು ಅನ್ನುತ್ತೇವೆ. ಮಾತು ದೊಡ್ಡದು, ಕೆಲಸ ಸಣ್ಣದು. ‘ನಾನು ಎಂಥವನು’ ಅಂತ ಕೇಳಿಕೊಂಡರೆ ಬೈಗುಳವೇ ಉತ್ತರವಾಗಿ ಬರುತ್ತದೆ. ‘ನಿನ್ನೆ ರಾತ್ರಿ ಒಂಬತ್ತಕ್ಕೆ ಏನಾಯಿತು’ ಅಂತ ಕೇಳಿದರೆ ಉತ್ತರ ಸಿಗುತ್ತದೆ.

ನಿಮಗೆ ಇದನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಕಿರ್ದಿಯಲ್ಲಿ ನೀವು ಏನು ಬರೆಯುತ್ತೀರಿ? ಎಷ್ಟು ಚೀಲ ಬಂತು, ಯಾರಿಗೆ ಎಷ್ಟು ಹೋಯಿತು, ಹಮಾಲಿ ಎಷ್ಟು. ‘ಇವತ್ತು ಇನ್ನೂ ಜಾಸ್ತಿ ವ್ಯಾಪಾರ ಆಗಬೇಕಿತ್ತು, ನಾನು ಕೆಲಸಕ್ಕೆ ಬಾರದವನು’ ಅಂತ ಕಿರ್ದಿಯಲ್ಲಿ ಯಾರಾದರೂ ಬರೆಯುತ್ತಾರಾ? ಹತ್ತು ದಿನ ನಿಮ್ಮ ದಿನವನ್ನೂ ಹಾಗೇ ಬರೆಯಿರಿ. ಏನನ್ನೂ ಬದಲಿಸಬೇಡಿ. ಎದ್ದದ್ದು ಎಷ್ಟಕ್ಕೆ, ಮೊಬೈಲ್ ಕೈಗೆ ಬಂದದ್ದು ಯಾವಾಗ, ಆಗ ಎಲ್ಲಿ ಕೂತಿದ್ದಿರಿ, ಅದಕ್ಕೆ ಮುಂಚೆ ಏನು ಮಾಡುತ್ತಿದ್ದಿರಿ. ನಾಲ್ಕು ಸಾಲು ಸಾಕು. ನನ್ನ ಹತ್ತಿರ ಬರುವವರಲ್ಲಿ ಈ ಹತ್ತು ದಿನ ಮುಗಿಸುವವರು ಕಡಿಮೆ. ಎಲ್ಲರಿಗೂ ಬದಲಾಗುವ ಅವಸರ, ನೋಡುವ ತಾಳ್ಮೆ ಇಲ್ಲ. ಆದರೆ ಮುಗಿಸಿದವರು ಬಂದು ಹೇಳುವುದು ಹೆಚ್ಚಾಗಿ ಒಂದೇ: ‘ಮೇಡಂ, ದಿನಾ ಅದೇ ಜಾಗದಲ್ಲಿ ಜಾರ್ತೀನಿ.’

ಆ ಮೇಲೆ ಪಟ್ಟಿಯಿಂದ ಒಂದೇ ಒಂದನ್ನು ಉಳಿಸಿಕೊಳ್ಳಿ. ನಾಲ್ಕನ್ನೂ ಎತ್ತಿಕೊಂಡರೆ ನಾಲ್ಕೂ ಬೀಳುತ್ತವೆ. ಇಂಗ್ಲಿಷ್ ಅಂತ ಇಟ್ಟುಕೊಳ್ಳೋಣ. ರಾತ್ರಿ ಒಂಬತ್ತಕ್ಕೆ ಅಂತ ಗಡಿಯಾರಕ್ಕೆ ಕಟ್ಟಬೇಡಿ. ನಮ್ಮ ಊರಿನ ಗಡಿಯಾರ ಸೀಸನ್‌ಗೆ ತಕ್ಕ ಹಾಗೆ ಓಡಾಡುತ್ತದೆ ಅಂತ ಈಗಾಗಲೇ ನೋಡಿದೆವು. ಯಾವ ಸೀಸನ್‌ನಲ್ಲೂ ತಪ್ಪದ ಕೆಲಸಕ್ಕೆ ಕಟ್ಟಿ. ನಿಮ್ಮ ಮಟ್ಟಿಗೆ ಅದು ಕಿರ್ದಿಯೇ. ಕಿರ್ದಿ ತಾಳೆ ಹಾಕಿ ಮುಚ್ಚಿದ ಕೂಡಲೇ, ಅದನ್ನು ಅಲ್ಮಾರಿಯಲ್ಲಿ ಇಡುವ ಮುಂಚೆ, ಅದೇ ಕುರ್ಚಿಯಲ್ಲಿ ಕೂತು ಇಂಗ್ಲಿಷ್ ಪೇಪರಿನ ಐದು ಸಾಲು ಜೋರಾಗಿ ಓದಿ. ಐದೇ. ಹಮಾಲರು ನಕ್ಕರೆ ನಗಲಿ. ಪೇಪರನ್ನು ಬೆಳಗ್ಗೆಯೇ ಕಿರ್ದಿಯ ಕೆಳಗೆ ಇಟ್ಟಿರಿ, ರಾತ್ರಿ ಹುಡುಕುವ ಕೆಲಸ ಉಳಿಯಬಾರದು. ‘ಇದು ಆದ ಕೂಡಲೇ ಅದು’ ಅಂತ ಮುಂಚೆಯೇ ಗಟ್ಟಿ ಮಾಡಿಕೊಂಡವರು ಬರೀ ‘ಮಾಡಬೇಕು’ ಅಂದುಕೊಂಡವರಿಗಿಂತ ಮಾತು ಉಳಿಸಿಕೊಳ್ಳುತ್ತಾರೆ. ಜರ್ಮನಿಯ ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಜರ್ ಇದನ್ನು ಬಹಳ ಕಾಲ ಪರೀಕ್ಷೆ ಮಾಡಿ ನೋಡಿದ್ದಾರೆ.

ಐದು ಸಾಲಿನಿಂದ ಏನಾಗುತ್ತದೆ ಅಂತ ನಿಮಗೆ ಅನ್ನಿಸಬಹುದು. ಮೊದಲ ತಿಂಗಳು ಏನೂ ಆಗುವುದಿಲ್ಲ. ಕುರ್ಚಿಯಲ್ಲಿ ಕೂತ ಕೂಡಲೇ ಕೈ ತಾನಾಗಿ ಪೇಪರಿಗೆ ಹೋಗಬೇಕು, ಈಗ ನಮಗೆ ಬೇಕಾದದ್ದು ಅಷ್ಟೇ. ನಮ್ಮ ಮನೆಯಲ್ಲಿ ಒಂದು ಹಾರ್ಮೋನಿಯಂ ಇದೆ. ದಿನಾ ಒಂದು ತಾಸು ಅಂತ ಶುರು ಮಾಡಿದ್ದೆ. ಈಗ ಅದರ ಮೇಲೆ ಇಸ್ತ್ರಿ ಬಟ್ಟೆ ಇಡುತ್ತೇವೆ.

ತಪ್ಪಿದ ದಿನದ ವಿಷಯ. ಲಂಡನ್ನಿನ ಆ ಅಧ್ಯಯನದಲ್ಲಿ ಒಂದು ದಿನ ತಪ್ಪಿಸಿದ್ದರಿಂದ ರೂಢಿಗೆ ಹೇಳಿಕೊಳ್ಳುವಂಥ ಪೆಟ್ಟು ಬೀಳಲಿಲ್ಲ. ಕಿರ್ದಿಯಲ್ಲಿ ಒಂದು ಸಾಲು ತಪ್ಪಾದರೆ ನೀವು ಪುಸ್ತಕ ಎಸೆದು ಮುಂದಿನ ಯುಗಾದಿಗೆ ಹೊಸದು ತರುವುದಿಲ್ಲ, ಅಲ್ವಾ? ಅಡ್ಡಗೆರೆ ಎಳೆದು ಕೆಳಗೆ ಬರೆಯುತ್ತೀರಿ. ಹೊಸ ನೋಟ್‌ಬುಕ್ ಈ ಸಲ ತರಬೇಡಿ. ಹಳೆಯದರ ಇಪ್ಪತ್ತೊಂದನೇ ಪುಟ ಇನ್ನೂ ಖಾಲಿಯೇ ಇದೆ.

ಮನೆಯವರ ನಗುವಿಗೆ ಔಷಧ ನನ್ನ ಹತ್ತಿರ ಇಲ್ಲ. ಏಪ್ರಿಲ್‌ನಲ್ಲಿ ಬೆಳಗ್ಗೆ ಡಬ್ಬಿ ಕಟ್ಟುವ ಕೆಲಸ ನೀವು ತಗೊಂಡು, ವಾಕಿಂಗನ್ನು ಸಂಜೆ ಬಿಸಿಲು ಇಳಿದ ಮೇಲೆ ಇಬ್ಬರೂ ಕೂಡಿ ಅಪ್ಪನ ಕೆರೆ ಕಡೆ ಇಟ್ಟುಕೊಂಡು ನೋಡಿ.

ಪ್ರಶ್ನೆ: ನಾನು ಯಾದಗಿರಿಯವಳು, ಎಂ.ಎ. ಓದುತ್ತಿದ್ದೇನೆ. ದಿನಾ ರೈಲಿನಲ್ಲಿ ಕಲಬುರಗಿಗೆ ಓಡಾಡುತ್ತೇನೆ. ಎರಡು ವರ್ಷದಿಂದ ತಪ್ಪದೆ ದಿನಚರಿ ಬರೆಯುತ್ತೇನೆ. ಇವತ್ತು ಏನು ತಪ್ಪು ಮಾಡಿದೆ, ಯಾಕೆ ಹಾಗೆ ಮಾತಾಡಿದೆ ಅಂತ ಎಲ್ಲ ಬರೆಯುತ್ತೇನೆ. ಬರೆದಷ್ಟೂ ಮನಸ್ಸು ಭಾರ ಆಗುತ್ತಿದೆ. ನಿಲ್ಲಿಸಲಾ?
– ಒಬ್ಬ ವಿದ್ಯಾರ್ಥಿನಿ

ಉತ್ತರ: ನಿಮ್ಮದು ಮೇಲಿನವರಿಗೆ ಉಲ್ಟಾ ನೋಡಮ್ಮ. ಅವರಿಗೆ ರೂಢಿ ನಿಲ್ಲುತ್ತಿಲ್ಲ, ನಿಮಗೆ ಗಟ್ಟಿಯಾಗಿ ನಿಂತ ರೂಢಿಯೇ ಕಚ್ಚುತ್ತಿದೆ.

ತನ್ನನ್ನು ತಾನು ನೋಡಿಕೊಳ್ಳುವುದರಲ್ಲಿ ಎರಡು ಬಗೆ. ಒಂದು ಕುತೂಹಲದಿಂದ ನೋಡುವುದು. ಇನ್ನೊಂದು ಆದದ್ದನ್ನೇ ಮತ್ತೆ ಮತ್ತೆ ಮೆಲುಕು ಹಾಕುವುದು. ಹೊರಗಿಂದ ಎರಡೂ ಒಂದೇ ಥರ ಕಾಣುತ್ತವೆ. 1999ರಲ್ಲಿ ಟ್ರ್ಯಾಪ್‌ನೆಲ್ ಮತ್ತು ಕ್ಯಾಂಪ್‌ಬೆಲ್ ಎಂಬ ಸಂಶೋಧಕರು ಇವೆರಡನ್ನೂ ಬೇರೆ ಮಾಡಿ ಅಳೆದು ತೋರಿಸಿದರು. ಭಾರ ತರುವುದು ಎರಡನೆಯದು. ಅದರ ಗುರುತು ಸುಲಭ: ಹೋದ ತಿಂಗಳು ಬರೆದದ್ದೇ ಈ ತಿಂಗಳೂ ಬರೆದಿರುತ್ತೀರಿ. ಹಳೆಯ ಪುಟ ತೆಗೆದು ನೋಡಿ.

ಬರೆಯುವುದನ್ನು ನಿಲ್ಲಿಸಬೇಡಿ, ಬೇಲಿ ಹಾಕಿ. ರಾತ್ರಿ ಮಲಗುವ ಮುಂಚೆ ಬೇಡ. ಸಂಜೆ ರೈಲಿನಲ್ಲಿ ವಾಪಸ್ ಬರುವಾಗ ಶಹಾಬಾದ್ ಸ್ಟೇಷನ್ನಿನಲ್ಲಿ ನೋಟ್‌ಬುಕ್ ತೆಗೆಯಿರಿ. ‘ಯಾಕೆ’ ಅನ್ನುವ ಪದ ಒಂದು ತಿಂಗಳು ಬರೆಯಬೇಡಿ. ಏನಾಯಿತು, ಆಗ ಮೈಯಲ್ಲಿ ಏನು ಅನ್ನಿಸಿತು, ನಾಳೆ ಅದೇ ಸಂದರ್ಭ ಬಂದರೆ ಏನು ಮಾಡುತ್ತೀರಿ, ಇಷ್ಟೇ. ಕೊನೆಯ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಖಾಲಿ ಬಿಡಿ.

ಇದರ ಜೊತೆಗೆ ನಿದ್ದೆ ಕೆಟ್ಟಿದ್ದರೆ, ಊಟ ರುಚಿಸದಿದ್ದರೆ, ಎರಡು ವಾರವಾದರೂ ಬೇಸರ ಇಳಿಯದಿದ್ದರೆ ದಿನಚರಿಯ ಮೇಲೆ ಭಾರ ಹಾಕಬೇಡಿ. 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಇಲ್ಲವಾದರೆ ಹತ್ತಿರದ ಮನೋವೈದ್ಯರನ್ನು ಒಮ್ಮೆ ನೋಡಿ.

ಉಳಿದಂತೆ, ವಾಡಿ ಸ್ಟೇಷನ್ ಬಂದ ಕೂಡಲೇ ನೋಟ್‌ಬುಕ್ ಚೀಲಕ್ಕೆ. ಬರೆಯುತ್ತಿದ್ದ ವಾಕ್ಯ ಅರ್ಧಕ್ಕೆ ನಿಂತರೂ ಸರಿ. ಮುಂದಿನ ದಾರಿಗೆ ಕಿಟಕಿ ಇದೆ, ಶೇಂಗಾ ಮಾರುವವರೂ ಬರುತ್ತಾರೆ.