ಓದುಗರ ಪ್ರಶ್ನೆ: ಹಳೆ ಜಿಪ್ಸಿಗೆ ಅಗಲದ ಆಕ್ಸಲ್ ಕೂರುತ್ತದೆಯೇ?

ಪ್ರಶ್ನೆ: ನನ್ನ ಮಾರುತಿ ಜಿಪ್ಸಿಯ ಆರ್‌ಸಿಯಲ್ಲಿ 1991 ಎಂದಿದೆ. ಹೊರಗಿನ ರೂಪ ಹಾಗೇ ಉಳಿಸಿ, ಅಡಿಭಾಗ ಸುಧಾರಿಸಬೇಕೆಂದಿದ್ದೇನೆ. ಶಿವಮೊಗ್ಗದ ಗುಜರಿಯಲ್ಲಿ 'ಜಿಪ್ಸಿ ಕಿಂಗ್‌ನದು' ಎಂದು ಎರಡು ಆಕ್ಸಲ್ (ಎಡ-ಬಲ ಚಕ್ರಗಳನ್ನು ಹೊತ್ತ ಅಡ್ಡ ದಂಡ) ತೋರಿಸಿದರು. ನಂಬಬಹುದೇ? ಕೂರುತ್ತವೆಯೇ?
– ಓದುಗರು, ತೀರ್ಥಹಳ್ಳಿ

ಉತ್ತರ: ಕೂರುತ್ತವೆ. ಆದರೆ ಎರಡನ್ನೂ ಒಟ್ಟಿಗೇ ಹಾಕಬೇಕು. 1985ರ ಮೊದಲ ಜಿಪ್ಸಿ ಎಂಜಿ410ರಿಂದ ಕಿಂಗ್‌ವರೆಗೂ ಮುಂದೆ, ಹಿಂದೆ ಎರಡೂ ಕಡೆ ಗಟ್ಟಿ ಆಕ್ಸಲ್, ಲೀಫ್ ಸ್ಪ್ರಿಂಗ್. 1993ರ ಜುಲೈಯಲ್ಲಿ ಬಂದ ಎಂಜಿ410ಡಬ್ಲ್ಯೂನಲ್ಲಿ ಬದಲಾದದ್ದು ಅಗಲ. ಮುಂದಿನ ಚಕ್ರಗಳ ನಡುವಿನ ಅಂತರ 1210ರಿಂದ 1300 ಮಿ.ಮೀ.ಗೆ, ಹಿಂದಿನದು 1220ರಿಂದ 1310ಕ್ಕೆ ಏರಿತು.

ಮೊದಲು ನಿಮ್ಮ ಗಾಡಿಯನ್ನೇ ಅಳೆಯಿರಿ, ಏಕೆಂದರೆ ಆರ್‌ಸಿಯ ವರ್ಷಕ್ಕೂ ಈಗ ಕೆಳಗಿರುವ ಆಕ್ಸಲಿಗೂ ಸಂಬಂಧ ತಪ್ಪಿರುವ ಜಿಪ್ಸಿಗಳು ಮಲೆನಾಡಿನಲ್ಲಿ ಬಹಳ ಇವೆ. ಎಡ ಟೈರಿನ ಹೊರ ಅಂಚಿನಿಂದ ಬಲ ಟೈರಿನ ಒಳ ಅಂಚಿಗೆ ಟೇಪು ಹಿಡಿದರೆ ಅದೇ ಅಂತರ. ಸ್ಪೇಸರ್ (ಚಕ್ರವನ್ನು ಹೊರಕ್ಕೆ ತಳ್ಳಲು ಹಬ್‌ಗೂ ರಿಮ್ಮಿಗೂ ನಡುವೆ ಹಾಕುವ ಬಿಲ್ಲೆ) ಅಥವಾ ಬೇರೆ ರಿಮ್ ಇದ್ದರೆ ಈ ಅಳತೆ ಮೋಸ ಮಾಡುತ್ತದೆ: 45 ಮಿ.ಮೀ. ಸ್ಪೇಸರ್ ಎರಡೂ ಬದಿ ಕೂತರೆ ಕಿರಿದಾದ ಆಕ್ಸಲ್ ಅಗಲದ್ದರಂತೆ ಕಾಣುತ್ತದೆ. ಆಗ ಚಕ್ರ ಬಿಚ್ಚಿ, ರಿಮ್ ಕೂರುವ ಮುಖದಿಂದ ಮುಖಕ್ಕೆ ಅಳೆದು ಗುಜರಿಯ ಆಕ್ಸಲಿಗೆ ಹೋಲಿಸಿ.

ಅಗಲವಿದ್ದ ಮಾತ್ರಕ್ಕೆ ಕಿಂಗ್ ಅಲ್ಲ. ಕಿಂಗ್ ಬಂದದ್ದು 1996ರಲ್ಲಿ, ಅದಕ್ಕೆ ಮೊದಲಿನ ಎಂಜಿ410ಡಬ್ಲ್ಯೂ ಕೂಡ ಇಷ್ಟೇ ಅಗಲ. ಆದ್ದರಿಂದ ಕ್ರೌನ್-ಪಿನಿಯನ್ ಲೆಕ್ಕ, ಅಂದರೆ ಚಕ್ರ ಒಂದು ಸುತ್ತು ಬರಲು ಆಕ್ಸಲಿಗೆ ಬರುವ ಶಾಫ್ಟ್ ಎಷ್ಟು ಸುತ್ತಬೇಕು ಎಂಬ ರೇಷಿಯೋ, ನೋಡಲೇಬೇಕು. ಒಂದು ಬದಿಯ ಹಬ್ ಅಲ್ಲಾಡದಂತೆ ಹಿಡಿದು (ಫ್ರೀವೀಲ್ ಹಬ್ ಇದ್ದರೆ ಲಾಕ್ ಮಾಡಿ), ಇನ್ನೊಂದನ್ನು 20 ಸುತ್ತು ತಿರುಗಿಸಿ. ಪಿನಿಯನ್ ಫ್ಲಾಂಜಿಗೆ (ಆ ಶಾಫ್ಟ್ ಬೋಲ್ಟಾಗುವ ಬಿಲ್ಲೆಗೆ) ಸೀಮೆಸುಣ್ಣದ ಗುರುತು ಹಾಕಿ ಸುತ್ತು ಎಣಿಸಿ, 10ರಿಂದ ಭಾಗಿಸಿದರೆ ರೇಷಿಯೋ ಸಿಗುತ್ತದೆ. ಮುಂದಿನದು, ಹಿಂದಿನದು ಒಂದೇ ಬರಬೇಕು. ಮುಂದಿನ, ಹಿಂದಿನ ಆಕ್ಸಲ್ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ನಡುವಿನ ಡಿಫರೆನ್ಷಿಯಲ್ ಜಿಪ್ಸಿಯಲ್ಲಿ ಇಲ್ಲ. ಎರಡು ರೇಷಿಯೋ ಬೇರೆಬೇರೆಯಾದರೆ ಫೋರ್‌ವೀಲ್ ಹಾಕಿದೊಡನೆ ಎರಡು ಆಕ್ಸಲ್ ಒಂದನ್ನೊಂದು ಎಳೆದಾಡಿ, ಎರಡಕ್ಕೂ ಶಕ್ತಿ ಹಂಚುವ ಗೇರ್ ಪೆಟ್ಟಿಗೆ ಟ್ರಾನ್ಸ್‌ಫರ್ ಕೇಸ್ ಹಾಳಾಗುತ್ತದೆ. ಎರಡೂ ಸಮವಾಗಿದ್ದು ನಿಮ್ಮ ಹಳೆಯದಕ್ಕಿಂತ ಬೇರೆಯಾದರೆ ಸ್ಪೀಡೋಮೀಟರ್ ತಪ್ಪು ತೋರಿಸುತ್ತದೆ, ಘಾಟಿಯಲ್ಲಿ ಎಳೆಯುವ ಶಕ್ತಿಯೂ ಬದಲಾಗುತ್ತದೆ.

ದುಡ್ಡು ಕೊಡುವ ಮುನ್ನ ಡ್ರೈನ್ ಬೋಲ್ಟ್ ಸಡಿಲಿಸಿ. ಎಣ್ಣೆ ಹಾಲು ಹಾಕಿದ ಚಹಾದ ಬಣ್ಣಕ್ಕಿದ್ದರೆ ಹಳ್ಳದ ನೀರು ಒಳಗೆ ಹೋಗಿದೆ. ಮುಂದಿನ ಆಕ್ಸಲಿನ ತುದಿಯ ಉಂಡೆಯ ಮೇಲೆ ತುಕ್ಕಿನ ಗುಳಿಗಳಿದ್ದರೆ ಬೇಡವೆನ್ನಿ, ಎಷ್ಟು ಸಲ ಹೊಸ ಸೀಲ್ ಹಾಕಿದರೂ ಹರಿಯುತ್ತದೆ. ಪ್ರೊಪೆಲ್ಲರ್ ಶಾಫ್ಟಿನ ಫ್ಲಾಂಜ್ ತೂತುಗಳನ್ನೂ ಹೊಂದಿಸಿ ನೋಡಿ. ಕೂರಿಸಿದ ಮೇಲೆ ಟೈರು ಪ್ರತಿ ಬದಿ 45 ಮಿ.ಮೀ. ಹೊರಬರುವುದರಿಂದ ಅದನ್ನು ಮುಚ್ಚುವ ಫ್ಲೇರ್ (ಮಡ್‌ಗಾರ್ಡಿನ ಅಂಚಿಗೆ ಸೇರಿಸುವ ಪಟ್ಟಿ) ಬೇಕೇಬೇಕು. ಆರ್‌ಟಿಒದಲ್ಲಿ ಮೊದಲೇ ವಿಚಾರಿಸಿ, ಕಂಪನಿ ಕೊಟ್ಟ ವಿವರ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ.

ಪ್ರಶ್ನೆ: ಹೊಸ ಲೀಫ್ ಸ್ಪ್ರಿಂಗ್, ಬುಷ್ ಹಾಕಿಸಿದೆ. ಕುಲುಕಾಟ ಮೊದಲಿಗಿಂತ ಹೆಚ್ಚಾಯಿತು.
– ಓದುಗರು, ಸಾಗರ

ಉತ್ತರ: ಗಾಡಿ ಜಾಕಿನ ಮೇಲೆ ನೇತಾಡುತ್ತಿದ್ದಾಗಲೇ ಶಾಕಲ್ (ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ) ಬೋಲ್ಟನ್ನು ಬಿಗಿದುಬಿಟ್ಟಿದ್ದಾರೆಂದು ಕಾಣುತ್ತದೆ. ಹಾಗೆ ಮಾಡಿದರೆ ನೆಲಕ್ಕಿಳಿದಾಗ ರಬ್ಬರ್ ಬುಷ್ ತಿರುಚಿಕೊಂಡೇ ಇರುತ್ತದೆ; ಸ್ಪ್ರಿಂಗ್ ಬಿಗಿಯಾಗುತ್ತದೆ, ಬುಷ್ ಬೇಗ ಹರಿಯುತ್ತದೆ. ಸಮತಟ್ಟಾದ ಜಾಗದಲ್ಲಿ ನಾಲ್ಕೂ ಚಕ್ರ ಊರಿಸಿ, ಆ ಬೋಲ್ಟುಗಳನ್ನು ಸಡಿಲಿಸಿ, ಬಂಪರ್ ಮೇಲೆ ನಾಲ್ಕೈದು ಸಲ ಅದುಮಿ, ಆಮೇಲೆ ಬಿಗಿಯಿರಿ. ಯು-ಬೋಲ್ಟುಗಳನ್ನು 500 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಬಿಗಿಸಿ.